ಪರರ ಕೂಸನ್ನು ಸಾಕುವ ವಿದ್ಯೆ

‘ಎರಡು ಹೆತ್ತು ಬೆಳೆಸಿದ್ದೀಯಲ್ಲ, ಮಗು ನೋಡಿಕೊಳ್ಳುವುದನ್ನು ಇನ್ನು ಯಾರು ನಿನಗೆ ಹೇಳಿಕೊಡಬೇಕಂತೆ?’ ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ನೆಲಸಿರುವ ನನ್ನ ತಂಗಿಯ ಮಗಳು, ತನ್ನ ಮನೆಯಲ್ಲಿಯೇ ನೆರೆಹೊರೆಯ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕಸುಬಿಗೆ ಇಳಿಯುವೆನೆಂದೂ ಅದಕ್ಕೆ ಮುಂಚಿತವಾಗಿ ಕೆಲವು ತರಬೇತಿಗಳನ್ನು ಪಡೆಯಬೇಕಾಗಿದೆಯೆಂದೂ ದೂರವಾಣಿಯಲ್ಲಿ ತಿಳಿಸಿದಾಗ, ಎಂಬತ್ತು ದಾಟಿದ ಅವಳ ಅಜ್ಜಿ, ಎಂದರೆ ನನ್ನ ತಾಯಿ, ಹಾಸನದ ಮನೆಯ ಪಡಸಾಲೆಯಲ್ಲಿ ಕುಳಿತು ಕೇಳಿದ ಪ್ರಶ್ನೆ ಇದು. ಅಂದು ನಾವೆಲ್ಲರೂ ನಕ್ಕೆವು. ಆದರೆ ಮರುವರ್ಷ ನಾಲ್ಕು ತಿಂಗಳ ಕಾಲ ಆ ಹುಡುಗಿಯ ಮನೆಯಲ್ಲಿ ಉಳಿಯುವ ಅವಕಾಶ ನನಗೆ ಒದಗಿ, ಅವಳು ಅಡುಗೆಮನೆಯ ಮೇಜಿನ ಮೇಲೆ ತರಬೇತಿಗಳ ಪ್ರಕಟಣೆಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿಕೊಂಡು ಯಾವುದನ್ನು ಹಿಡಿಯಬೇಕು ಯಾವುದನ್ನು ಬಿಡಬೇಕು ಎಂದು ಹೊಯ್ದಾಡುತ್ತಿದ್ದುದನ್ನು ಕಂಡಮೇಲೆ, ಮುದುಕಿಯ ಪ್ರಶ್ನೆ ನಕ್ಕು ಕಳೆಯತಕ್ಕದ್ದಲ್ಲವೆಂದೂ ಅದಕ್ಕೆ ಕ್ರಮವಾದ ಉತ್ತರವೊಂದು ಸಲ್ಲಬೇಕೆಂದೂ ನನಗೆ ತೋರಿತು.

ಈ ವೃತ್ತಿಯವರನ್ನು ಅಲ್ಲಿ ಚೈಲ್ಡ್‌ಮೈಂಡರ್ ಎನ್ನುತ್ತಾರೆ. ಕನ್ನಡದಲ್ಲಿ ಶಿಶುಪಾಲಕಿ ಎನ್ನಬಹುದಾಗಿತ್ತು. ಆದರೆ ಆ ಪದವನ್ನು ಕೇಳಿದೊಡನೆಯೇ ನೂರು ತಪ್ಪು ತುಂಬಿ ಚಕ್ರಕ್ಕೆ ತಲೆಯೊಪ್ಪಿಸಿದ ಚೇದಿರಾಜನೇ ಕಣ್ಮುಂದೆ ಬರುವುದರಿಂದ, ತಪ್ಪುಗಳನ್ನು ಎಣಿಸುವವರು ಮೊದಲೇ ಹೆಚ್ಚಾಗಿರುವ ಈ ಕಸುಬಿಗೆ ಆ ಹೆಸರು ಬೇಡವೆಂದು ಬಿಟ್ಟಿದ್ದೇನೆ. ಎಂಟು ವರ್ಷದೊಳಗಿನ, ತನಗೆ ಬಂಧುವಲ್ಲದ ಮಗುವನ್ನು, ಪ್ರತಿಫಲ ಪಡೆದು, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕಾಲ ವಾಸದ ಮನೆಯೊಂದರಲ್ಲಿ ನೋಡಿಕೊಳ್ಳುವಾಕೆ ನೋಂದಣಿ ಮಾಡಿಸಿಕೊಳ್ಳತಕ್ಕದ್ದು ಎಂಬುದು ಅಲ್ಲಿಯ ನಿಯಮ. ನಾನು ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗೆ ಮಾತ್ರ ಅನ್ವಯಿಸುವಂಥದು. ಸ್ಕಾಟ್ಲೆಂಡಿಗೂ ವೇಲ್ಸಿಗೂ ಅವರವರದೇ ಕಟ್ಟಳೆಗಳುಂಟು.

ಮನೆಯೊಳಗಣ ಇಂಥ ಸಾತ್ತ್ವಿಕವಾದ ಕೆಲಸಕ್ಕೆ ಕಾನೂನು ಏಕೆ ಕೈಹಾಕಿತು ಎಂದು ವಿಚಾರಿಸುತ್ತ ಹಿಂದಕ್ಕೆ ಹೋದರೆ ನಾವು ಗಲ್ಲುಗಂಬವೊಂದರ ಬಳಿ ಹೋಗಿ ನಿಲ್ಲಬೇಕಾಗುತ್ತದೆ. ಹಣ ಪಡೆದು ಎಳೆಗೂಸುಗಳನ್ನು ಸಾಕುವೆನೆಂದು ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಅವು ಸಾಯುವಂತೆ ಮಾಡಿದ ಅಪರಾಧಕ್ಕಾಗಿ ಮಾರ್ಗರೆಟ್ ವಾಟರ್ಸ್ ಎಂಬಾಕೆಯನ್ನು 1870ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿಸಿದರು. ಆ ಕಾಲದ ತಲ್ಲಣದಿಂದಲೇ 1872ರ ಶಿಶುಪ್ರಾಣರಕ್ಷಣಾ ಶಾಸನ ಹುಟ್ಟಿತು. ಅದು ಒಂದು ವರ್ಷದೊಳಗಿನ ಒಂದಕ್ಕಿಂತ ಹೆಚ್ಚು ಕೂಸುಗಳನ್ನು ಹಣಕ್ಕಾಗಿ ಒಂದು ದಿನಕ್ಕೂ ಮೀರಿ ಇಟ್ಟುಕೊಳ್ಳುವವರು ಹೆಸರು ನೋಂದಾಯಿಸಬೇಕೆಂದು ಹೇಳಿತೇ ಹೊರತು, ಹಗಲು ಹೊತ್ತು ಮಾತ್ರ ನೋಡಿಕೊಳ್ಳುವವರ ಗೋಜಿಗೆ ಹೋಗಲಿಲ್ಲ. ಅವರ ಸರದಿ ಬಂದದ್ದು ಎರಡನೆಯ ಮಹಾಯುದ್ಧ ಮುಗಿದಮೇಲೆ, 1948ರ ಶಾಸನದಲ್ಲಿ. ಒಂದೇ ಒಂದು ಮಗುವನ್ನು ನೋಡಿಕೊಂಡರೂ ನೋಂದಣಿ ಬೇಕೆಂದಾದದ್ದು 1968ರಲ್ಲಿ. ಇಷ್ಟಾದರೂ ಕಾನೂನು ಕೇಳುತ್ತಿದ್ದುದು ಗೋಡೆ, ಗಾಳಿ, ಕಕ್ಕಸು, ಮಕ್ಕಳ ಸಂಖ್ಯೆ ಇವುಗಳನ್ನು ಕುರಿತ ಪ್ರಶ್ನೆಗಳನ್ನು. ಆಕೆಗೆ ಏನು ಗೊತ್ತು ಎಂಬುದನ್ನು ಯಾರೂ ಕೇಳುತ್ತಿರಲಿಲ್ಲ.

ಆ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರಲ್ಲಿ ಬ್ರಯನ್ ಜ್ಯಾಕ್ಸನ್ ಮತ್ತು ಸೋನಿಯಾ ಜ್ಯಾಕ್ಸನ್ ದಂಪತಿಗಳು ಪ್ರಮುಖರು. 1970ರ ದಶಕದ ಆದಿಯಲ್ಲಿ ಹಡರ್ಸ್‌ಫೀಲ್ಡಿನಂಥ ಗಿರಣಿಯ ಊರಿನ ಬೀದಿಗಳಲ್ಲಿ, ಬೆಳಗು ಹರಿಯುವ ಮುನ್ನವೇ, ಬೆಚ್ಚಗೆ ಸುತ್ತಿದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಯಾವ ಯಾವ ಬಾಗಿಲು ಬಡಿಯುತ್ತಾರೆಂದು ನಿಂತು ನೋಡಿ, ಯಾವ ದಫ್ತರಿನಲ್ಲೂ ಹೆಸರಿಲ್ಲದ ಪಾಲಕಿಯರ ಒಂದು ದೊಡ್ಡ ಲೋಕವನ್ನೇ ಅವರು ಬೆಳಕಿಗೆ ತಂದರು. 1979ರಲ್ಲಿ ಅದನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಆ ಹೆಂಗಸರನ್ನು ಅಟ್ಟಿ ಹಿಡಿದು ದಂಡಿಸುವುದಕ್ಕಿಂತ ಅವರಿಗೆ ಕಲಿಸುವುದು ಮೇಲು ಎಂಬ ವಿವೇಕ ಆ ದಶಕದಲ್ಲಿಯೇ ಮೂಡಿತು. 1977ರಲ್ಲಿ ಪಾಲಕಿಯರ ರಾಷ್ಟ್ರೀಯ ಸಂಘ ಹುಟ್ಟಿತು. ಅದೇ ವರ್ಷ ಬಿ.ಬಿ.ಸಿ. ಅವರಿಗಾಗಿಯೇ ದೂರದರ್ಶನದಲ್ಲಿ ಪಾಠಮಾಲೆಯೊಂದನ್ನು ನಡೆಸಿತು. ಮನೆಯಿಂದ ಹೊರಕ್ಕೆ ಕಾಲಿಡಲಾಗದವರಿಗೆ ಪಾಠವೇ ಮನೆಗೆ ಬರಬೇಕು ಎಂಬ ಆ ಹಳೆಯ ಸೂಕ್ಷ್ಮವನ್ನು ಇಂದಿನ ಅಂತರ್ಜಾಲದ ವರ್ತಕರು ತಮ್ಮದೇ ಶೋಧವೆಂಬಂತೆ ಮಾರುತ್ತಿದ್ದಾರೆ.

ಮುಂದಿನ ಶಾಸನಗಳ ಕಥೆಯನ್ನು ಬೇಗ ದಾಟಬಹುದು. 2001ರಲ್ಲಿ ತಪಾಸಣೆಯ ಅಧಿಕಾರ ಸ್ಥಳೀಯ ಸಂಸ್ಥೆಗಳಿಂದ ಆಫ್‌ಸ್ಟೆಡ್ ಎಂಬ ಕೇಂದ್ರ ಸಂಸ್ಥೆಗೆ ಹೋಯಿತು. 2008ರಿಂದ ಅರ್ಲಿ ಇಯರ್ಸ್ ಫೌಂಡೇಶನ್ ಸ್ಟೇಜ್ ಎಂಬ ಚೌಕಟ್ಟು ಐದು ವರ್ಷದೊಳಗಿನ ಮಕ್ಕಳನ್ನು ನೋಡಿಕೊಳ್ಳುವ ಎಲ್ಲರಿಗೂ ಕಡ್ಡಾಯವಾಯಿತು. 2024ರ ಜನವರಿಯಿಂದ ಆ ಚೌಕಟ್ಟಿನಲ್ಲಿ ಚೈಲ್ಡ್‌ಮೈಂಡರುಗಳಿಗೆಂದೇ ಪ್ರತ್ಯೇಕ ಆವೃತ್ತಿ ಬಂದಿದೆ. ಏಕಾಂಗಿ ಪಾಲಕಿ ಎಂಟು ವರ್ಷದೊಳಗಿನ ಆರು ಮಕ್ಕಳಿಗಿಂತ ಹೆಚ್ಚನ್ನು ಇಟ್ಟುಕೊಳ್ಳಬಾರದು. ಅವರಲ್ಲಿ ತೀರ ಚಿಕ್ಕವರು ಮೂವರಿಗಿಂತಲೂ, ವರ್ಷ ತುಂಬದ ಕೂಸು ಒಂದಕ್ಕಿಂತಲೂ ಸಾಮಾನ್ಯವಾಗಿ ಹೆಚ್ಚಿರಬಾರದು. ಮನೆಯಲ್ಲಿರುವ ಹದಿನಾರು ತುಂಬಿದ ಪ್ರತಿಯೊಬ್ಬರ ಪೂರ್ವಚರಿತ್ರೆಯನ್ನೂ ಪರಿಶೀಲಿಸಲಾಗುತ್ತದೆ. ಇಷ್ಟೊಂದು ಬಿಗಿಯಿರುವ ಕಡೆ ವಿದ್ಯಾರ್ಹತೆಯ ಬಿಗಿಯೂ ಇದ್ದೀತೆಂದು ಊಹಿಸುವುದು ಸಹಜ. ಸಂಗತಿ ಹಾಗಿಲ್ಲ. ಡಿಪ್ಲೊಮಾ ಬೇಡ, ಪದವಿ ಬೇಡ; ಮಕ್ಕಳ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ, ಮಗುವಿಗೆ ಕೇಡಾಗುವ ಲಕ್ಷಣಗಳನ್ನು ಗುರುತಿಸಿ ನಡೆದುಕೊಳ್ಳುವ ಸಂರಕ್ಷಣಾ ತರಬೇತಿ, ಆ ಚೌಕಟ್ಟಿನ ತಿಳಿವಳಿಕೆ, ಕೆಲಸ ನಡೆಸಲು ಸಾಲುವಷ್ಟು ಇಂಗ್ಲಿಷು, ಮುಖ್ಯವಾಗಿ ಇಷ್ಟೇ. ಚೌಕಟ್ಟನ್ನು ತರಬೇತಿಯ ಮೂಲಕವೇ ಕಲಿಯಬೇಕೆಂಬ ಹಿಂದಿನ ನಿಯಮವನ್ನೂ 2024ರಲ್ಲಿ ಸಡಿಲಿಸಿ, ಹೇಗಾದರೂ ಕಲಿ, ಕಲಿತಿರುವೆಯೆಂದು ತೋರಿಸು ಎಂದಿದ್ದಾರೆ.

ಕಾನೂನು ಕೇಳುವುದು ಸ್ವಲ್ಪವಾಗಿಯೂ ಮಾರುಕಟ್ಟೆ ಒಡ್ಡುವುದು ಅಪಾರವಾಗಿಯೂ ಇರುವ ಈ ಅಂತರದಲ್ಲಿಯೇ ಹೊಸಬಳ ಗೊಂದಲವೆಲ್ಲ ಹುಟ್ಟುತ್ತದೆ. ನನ್ನ ತಂಗಿಯ ಮಗಳು ಮೊದಲ ವಾರದಲ್ಲಿಯೇ ಬಿದ್ದ ಗುಂಡಿ ಇದು: ಒಂದು ಹೊತ್ತಿನ ಹೋಟೆಲು ಊಟದ ಬೆಲೆಗೆ ಇಪ್ಪತ್ತು ಕೋರ್ಸುಗಳ ಕಟ್ಟೊಂದನ್ನು ಯಾವುದೋ ಒಂದು ಕಂಪನಿ ಮಾರುತ್ತಿತ್ತು, ಪ್ರಥಮ ಚಿಕಿತ್ಸೆಯೂ ಅದರಲ್ಲಿ ಸೇರಿತ್ತು, ಎರಡು ರಾತ್ರಿ ಪರದೆಯ ಮುಂದೆ ಕುಳಿತು ಬಹು ಆಯ್ಕೆಯ ಪ್ರಶ್ನೆಗಳಿಗೆ ಗುರುತು ಹಾಕಿದುದಕ್ಕೆ ಚಿನ್ನದ ಅಂಚಿನ ಪ್ರಮಾಣಪತ್ರಗಳು ಒಂದರ ಹಿಂದೊಂದರಂತೆ ಬಂದವು. ಅವುಗಳ ಮೇಲೆ ಮುದ್ರೆಯಿತ್ತು, ಸಹಿಯಿತ್ತು, ‘ಆಫ್‌ಸ್ಟೆಡ್ ಮಾನ್ಯ’ ಎಂಬ ಒಕ್ಕಣೆಯೂ ಇತ್ತು. ಆಫ್‌ಸ್ಟೆಡ್ ಯಾವ ತರಬೇತಿಗೂ ಮಾನ್ಯತೆಯ ಮುದ್ರೆ ಒತ್ತುವುದಿಲ್ಲವೆಂಬುದು ಅವಳಿಗೆ ತಿಳಿದದ್ದು ಹಣ ತೆತ್ತ ಮೇಲೆ. ಇನ್ನು ‘ಲೆವೆಲ್ 3’ ಎಂಬ ಮಾತು. ಆಫ್‌ಕ್ವಾಲ್ ಎಂಬ ಪರೀಕ್ಷಾನಿಯಂತ್ರಣ ಸಂಸ್ಥೆಯ ಪಟ್ಟಿಯಲ್ಲಿರುವ ಡಿಪ್ಲೊಮಾಗೆ ಆ ಮಾತು ಅನ್ವಯಿಸಿದಾಗ ಅದು ತಿಂಗಳುಗಟ್ಟಲೆ ದುಡಿಮೆಯನ್ನು ಸೂಚಿಸುತ್ತದೆ. ಅದೇ ಮಾತನ್ನು ಮಧ್ಯಾಹ್ನವೊಂದರಲ್ಲಿ ಮುಗಿಯುವ ಪಾಠಕ್ಕೆ ಹಚ್ಚುವುದನ್ನೂ ಯಾರೂ ತಡೆಯುವುದಿಲ್ಲ. ನಮ್ಮ ಸಂತೆಗಳಲ್ಲಿ ಸೇರು ಊರಿಗೊಂದು ಅಳತೆಯಾಗಿದ್ದ ಕಾಲವೊಂದಿತ್ತಷ್ಟೆ, ಇದೂ ಹಾಗೆಯೇ.

ಪ್ರಥಮ ಚಿಕಿತ್ಸೆಯ ವಿಷಯದಲ್ಲಿ ಮಾತ್ರ ನಿಯಮ ಯಾವ ಸಂಶಯಕ್ಕೂ ಎಡೆಗೊಡುವುದಿಲ್ಲ. ಪೂರ್ಣ ತರಬೇತಿ ವಿರಾಮಗಳನ್ನು ಬಿಟ್ಟು ಹನ್ನೆರಡು ಗಂಟೆಗಳಿಗಿಂತ ಕಡಿಮೆಯಿರಕೂಡದು. ಅದರ ತುರ್ತುಭಾಗವಾದ ಆರು ಗಂಟೆಗಳು ಗುರುವಿನ ಎದುರಿಗೇ ನಡೆಯಬೇಕು. ಮೂರು ವರ್ಷಗಳಿಗೊಮ್ಮೆ ಅದನ್ನು ನವೀಕರಿಸಬೇಕು. ಚಿನ್ನದ ಅಂಚಿನ ಕಾಗದವನ್ನು ಮಡಿಸಿಟ್ಟು ಅವಳು ಮತ್ತೊಮ್ಮೆ ಹಣ ಕಟ್ಟಿ ಎರಡು ಶನಿವಾರ ಚರ್ಚೊಂದರ ಸಭಾಂಗಣಕ್ಕೆ ಹೋದಳು. ಎರಡನೆಯ ಶನಿವಾರ, ಗುರುವಿನ ಅನುಮತಿ ಪಡೆದು, ನಾನೂ ಹಿಂದಿನ ಕುರ್ಚಿಯೊಂದರಲ್ಲಿ ಕುಳಿತೆ. ನೆಲದ ಮೇಲೆ ನೀಲಿ ಚಾಪೆಗಳು. ಒಂದೊಂದರ ಮೇಲೂ ರಬ್ಬರಿನ ಕೂಸು, ಬಾಯಿ ಅರೆತೆರೆದು, ಕಣ್ಣು ಮುಚ್ಚಿ. ಒರಟು ಕೈಗಳ, ಬೂದುಗೂದಲಿನ ಆ ಶಿಕ್ಷಕಿ ಹಿಂದೆ ಆಂಬುಲೆನ್ಸಿನಲ್ಲಿ ಕೆಲಸ ಮಾಡಿದವಳಂತೆ. ಗಂಟಲಿಗೆ ಸಿಕ್ಕಿದ ವಸ್ತುವನ್ನು ಹೊರಡಿಸುವ ಪಾಠ: ಕೂಸನ್ನು ಮುಂದೋಳಿನ ಮೇಲೆ ಬೋರಲಾಗಿ, ತಲೆ ಕೆಳಗಾಗುವಂತೆ ಮಲಗಿಸಿ, ದವಡೆಯನ್ನು ಆಧರಿಸಿ ಹಿಡಿದು, ಹೆಗಲುಗಳ ನಡುವೆ ಅಂಗೈಯ ಬುಡದಿಂದ ಐದು ಪೆಟ್ಟು, ಆಮೇಲೆ ಅಂಗಾತ ತಿರುಗಿಸಿ ಎದೆಯ ನಡುವೆ ಐದು ಒತ್ತು. ಹೇಳಿದರೆ ಇಷ್ಟೇ. ಆದರೆ ಅಲ್ಲಿದ್ದ ಎಂಟು ಮಂದಿಯಲ್ಲಿ ಏಳು ಮಂದಿ ಮೊದಲ ಸಲ ಕೊಟ್ಟ ಪೆಟ್ಟು ಮಗುವನ್ನು ತಟ್ಟಿ ಮಲಗಿಸುವ ಪೆಟ್ಟಾಗಿತ್ತು. ‘ನಿಮಗೆ ನೋಯಿಸಲು ಭಯ, ಈ ಕೂಸಿಗೆ ಉಸಿರಿಲ್ಲ’ ಎಂದು ಆಕೆ ಹೇಳಿ ನಮ್ಮ ಹುಡುಗಿಯ ಕೈಯನ್ನು ತಾನೇ ಹಿಡಿದು ಬೀಸಿಸಿದಳು. ರಬ್ಬರಿನ ಬಾಯಿಂದ ಒಂದು ಸಣ್ಣ ಚೆಂಡು ಟಪ್ಪೆಂದು ಚಾಪೆಗೆ ಬಿತ್ತು. ಆ ಸದ್ದು ಪರದೆಯಲ್ಲಿ ಎಷ್ಟು ರಾತ್ರಿ ಕುಳಿತರೂ ದೊರೆಯುವಂಥದಲ್ಲ.

ಆ ದಿನವೇ ನನ್ನ ತಾಯಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತೆನ್ನಬೇಕು. ಸುಟ್ಟ ಗಾಯವನ್ನು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕು, ಬೇರೇನನ್ನೂ ಬಳಿಯಬಾರದು ಎಂದು ಶಿಕ್ಷಕಿ ಹೇಳಿದಾಗ, ಬಾಲ್ಯದಲ್ಲಿ ಒಲೆ ತಾಗಿದ ನನ್ನ ಕೈಗೆ ಮನೆಯವರು ಶಾಯಿ ಸುರಿದದ್ದು ನೆನಪಿಗೆ ಬಂತು. ಸೆಳವು ಬಂದ ಮಗುವಿನ ಬಾಯಿಗೆ ಏನನ್ನೂ ತುರುಕಬೇಡಿ, ಅದನ್ನು ಅದುಮಿ ಹಿಡಿಯಬೇಡಿ ಎಂದಾಗ, ಕೈಗೆ ಬೀಗದ ಕೈ ತುರುಕಲು ಓಡುತ್ತಿದ್ದ ಅಕ್ಕಪಕ್ಕದವರು ನೆನಪಾದರು. ಹೆತ್ತು ಬೆಳೆಸಿದವರ ಅನುಭವ ದೊಡ್ಡದು, ಸಂದೇಹವಿಲ್ಲ. ಆದರೆ ಹಾಗೆ ಮಾಡಿಯೂ ಬದುಕಿ ಉಳಿದ ಮಕ್ಕಳನ್ನೇ ಸಾಕ್ಷಿಯಾಗಿ ಕರೆಯುವುದು ಆ ಅನುಭವದ ಸ್ವಭಾವ.

ಎರಡನೆಯದು ಸಂರಕ್ಷಣೆಯ ತರಬೇತಿ. ಹೊಸಬರು ಇಲ್ಲಿ ಮಾಡುವ ತಪ್ಪು, ಅಗ್ಗವಾದ ಪ್ರಾಥಮಿಕ ಪಾಠಕ್ಕೆ ತೃಪ್ತರಾಗುವುದು. ಶಿಶುವಿಹಾರದಲ್ಲಿ ಸಂಶಯ ಬಂದಾಗ ತನ್ನ ಮೇಲಿನವರಿಗೆ ತಿಳಿಸಿದರೆ ಸಹಾಯಕಿಯ ಕರ್ತವ್ಯ ಮುಗಿಯುತ್ತದೆ. ಮನೆಯಲ್ಲಿ ಒಬ್ಬಳೇ ಕೆಲಸ ಮಾಡುವವಳಿಗೆ ಮೇಲಿನವರೆಂಬವರು ಯಾರೂ ಇಲ್ಲ, ಹೊಣೆಗಾರಿಕೆಯ ಮೊದಲ ಮೆಟ್ಟಿಲೂ ಕಡೆಯ ಮೆಟ್ಟಿಲೂ ಅವಳೇ. ಮಗುವಿನ ತೋಳಿನ ಮೇಲೆ ಬೆರಳ ಗುರುತು ಕಂಡ ಸಂಜೆ, ಅದನ್ನು ಕರೆದೊಯ್ಯಲು ಬಂದ ತಂದೆ ಬಾಗಿಲಲ್ಲಿ ನಿಂತು ನಗುತ್ತಿರುವಾಗ, ಏನು ಕೇಳಬೇಕು, ಏನನ್ನು ಕೇಳಬಾರದು, ಏನು ಬರೆದಿಡಬೇಕು, ಯಾರಿಗೆ ಕರೆಮಾಡಬೇಕು? ಆದ್ದರಿಂದ ನಾಯಕಸ್ಥಾನದಲ್ಲಿರುವವರಿಗೆ ಕೊಡುವ ತರಬೇತಿಯನ್ನೇ, ಅದರಲ್ಲೂ ತನ್ನ ಜಿಲ್ಲೆಯ ಸ್ಥಳೀಯಾಡಳಿತ ಏರ್ಪಡಿಸುವುದನ್ನೇ ಹಿಡಿಯುವುದು ವಿಹಿತ. ಏಕೆಂದರೆ ಕರೆಮಾಡಬೇಕಾದ ಸಂಖ್ಯೆ ಊರಿಂದೂರಿಗೆ ಬೇರೆ. 2025ರ ಸೆಪ್ಟೆಂಬರಿನಿಂದ ಈ ತರಬೇತಿಯಲ್ಲಿ ಏನೇನು ಇರತಕ್ಕದ್ದೆಂಬುದನ್ನು ಚೌಕಟ್ಟಿನ ಅನುಬಂಧದಲ್ಲಿ ವಿವರವಾಗಿ ನಮೂದಿಸಿ, ಎರಡು ವರ್ಷಕ್ಕೊಮ್ಮೆ ಪುನಃ ಪಡೆಯಬೇಕೆಂದು ವಿಧಿಸಿದ್ದಾರೆ. ಯಾವ ವರ್ತಕನ ಪಾಠವನ್ನಾದರೂ ಆ ಅನುಬಂಧದ ಪಕ್ಕದಲ್ಲಿಟ್ಟು ಸಾಲುಸಾಲಾಗಿ ಹೋಲಿಸಿ ನೋಡಬಹುದಾದ್ದರಿಂದ ಆಯ್ಕೆ ಮೊದಲಿಗಿಂತ ಸುಲಭವಾಗಿದೆ.

ಚೌಕಟ್ಟಿನ ಅಧ್ಯಯನಕ್ಕೆ ಹಣ ಕೊಡುವುದು ಅನವಶ್ಯಕವೆಂದೇ ನನ್ನ ಅಭಿಪ್ರಾಯ. ಮೂಲಗ್ರಂಥ ಉಚಿತ, ಇಂಗ್ಲೆಂಡಿನ ಶಿಕ್ಷಣ ಇಲಾಖೆಯೇ ಶಿಶುವಿಕಾಸದ ಪಾಠಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿದೆ. ಭಾಷ್ಯಗಳನ್ನು ಓದಿ ಸೂತ್ರವನ್ನೇ ಓದದ ಪಂಡಿತರಂತೆ, ಹೊಸ ಪಾಲಕಿಯರಲ್ಲಿ ಅನೇಕರು ಇತರರು ಮಾಡಿದ ಸಾರಾಂಶಗಳಿಗೆ ದುಡ್ಡು ಕೊಟ್ಟು ಮೂಲವನ್ನು ತೆರೆಯುವುದೇ ಇಲ್ಲ. ತೆರೆದು ಓದಿದರೆ, ವರ್ತಕರು ಹೆದರಿಸುವಷ್ಟು ಬರವಣಿಗೆಯ ಹೊರೆಯನ್ನು ಅದು ಹೇರುವುದಿಲ್ಲವೆಂಬುದು ತಿಳಿಯುತ್ತದೆ: ಎರಡು ಮತ್ತು ಮೂರು ವರ್ಷಗಳ ನಡುವೆ ಮಗುವಿನ ಬೆಳವಣಿಗೆಯನ್ನು ಕುರಿತು ತಾಯ್ತಂದೆಯರಿಗೆ ಒಂದು ಬರವಣಿಗೆ ಕೊಡಬೇಕೆನ್ನುತ್ತದೆ, ಮಗುವಿಗೆ ಹೊಡೆಯಕೂಡದು, ಹೊಡೆಯುವೆನೆಂದು ಬೆದರಿಸಲೂ ಕೂಡದು ಎನ್ನುತ್ತದೆ, ಮಿಕ್ಕದ್ದರಲ್ಲಿ ಬಹುಭಾಗ ನೋಡು, ಮಾತನಾಡು, ಜತೆಗೆ ಆಡು ಎಂಬುದೇ.

ಆಹಾರದ ಶುಚಿತ್ವದ ಪಾಠ ಸಣ್ಣದು, ಬೆಲೆಯೂ ಸಣ್ಣದು. ಅಡುಗೆ ಮಾಡಿ ಬಡಿಸುವವಳು ಅದರಲ್ಲಿ ಸಮರ್ಥಳಾಗಿರಬೇಕೆಂದು ನಿಯಮ ಕೇಳುವುದರಿಂದ ಒಂದು ಮಧ್ಯಾಹ್ನವನ್ನು ಅದಕ್ಕೆ ಕೊಟ್ಟರೆ ನಷ್ಟವಿಲ್ಲ. ಶುಚಿತ್ವಕ್ಕಿಂತ ಪೋಷಣೆಯ ಪಾಠವೇ ಹೆಚ್ಚು ಉಪಯುಕ್ತವೆಂದು ನನಗೆ ಕಂಡಿತು: ದ್ರಾಕ್ಷಿಯನ್ನು ಉದ್ದುದ್ದಕ್ಕೆ ಸೀಳಿ ಕೊಡುವುದು, ಇಡಿಯ ಕಡಲೆಬೀಜವನ್ನು ಐದು ವರ್ಷದೊಳಗಿನವರ ಕೈಗೆ ಸಿಗದಂತೆ ಇಡುವುದು, ಉಣ್ಣುವ ಮಗುವಿನ ಎದುರಿಗೇ ಕುಳಿತಿರುವುದು ಮುಂತಾದವು ಅಲ್ಲಿವೆ.

ಇನ್ನು ಡಿಪ್ಲೊಮಾ. ಅದನ್ನು ಆರಂಭದಲ್ಲಿಯೇ ಹಿಡಿಯಬೇಕಾಗಿಲ್ಲವೆಂಬ ನನ್ನ ಮತವನ್ನು ವಿರೋಧಿಸುವವರು ಬಹಳ ಮಂದಿಯಿದ್ದಾರೆ, ಅವರ ವಾದದಲ್ಲಿ ತಥ್ಯವೂ ಇದೆ. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರನ್ನು ದಾದಿಯರೆಂದು ಕೀಳಾಗಿ ಎಣಿಸುವ ಲೋಕದಲ್ಲಿ ವಿದ್ಯಾರ್ಹತೆಯೇ ಗೌರವದ ಮೆಟ್ಟಿಲು ಎನ್ನುತ್ತಾರೆ. ತಾಯ್ತಂದೆಯರು ಅದನ್ನು ಕೇಳುತ್ತಾರೆ ಎನ್ನುತ್ತಾರೆ. ಮುಂದೆಂದಾದರೂ ಶಿಶುವಿಹಾರಕ್ಕೆ ಸೇರುವುದಾದರೆ ಅಲ್ಲಿಯ ಲೆಕ್ಕಕ್ಕೆ ಬರಲು ‘ಪೂರ್ಣ ಮತ್ತು ಸಂಬದ್ಧ’ವಾದ ಅರ್ಹತೆ ಬೇಕೆನ್ನುತ್ತಾರೆ. ಕಡೆಯದು ನಿಜವಾದ ಕಾರಣ. ಹಾಗೆ ಯೋಚಿಸುವವಳು ಸೇರುವ ಮೊದಲೇ ಶಿಕ್ಷಣ ಇಲಾಖೆಯ ಪಟ್ಟಿಯಲ್ಲಿ ಆ ಡಿಪ್ಲೊಮಾದ ಹೆಸರಿದೆಯೇ ಎಂದು ನೋಡಿಕೊಳ್ಳುವುದು ಅಗತ್ಯ. ಆದರೆ ಇನ್ನೂ ಒಂದು ಮಗುವೂ ಮನೆಗೆ ಬರದಿರುವಾಗ ಡಿಪ್ಲೊಮಾಗೆ ಕೈಹಾಕುವುದು, ಗದ್ದೆಗೆ ಇಳಿಯದೆ ನೇಗಿಲಿನ ಪಟ ಬರೆಯುವಂತಾಗುತ್ತದೆ. ಒಂದು ವರ್ಷ ಮಕ್ಕಳೊಡನೆ ಕಳೆದವಳಿಗೆ ತನಗೆ ಏನು ತಿಳಿಯದು ಎಂಬುದು ತಿಳಿಯುತ್ತದೆ: ಒಬ್ಬಳಿಗೆ ಮಾತು ತಡವಾದ ಮಗು ಬಂದಿರುತ್ತದೆ, ಮಕಟಾನ್ ಸಂಜ್ಞೆಗಳನ್ನು ಕಲಿಯಬೇಕೆನಿಸುತ್ತದೆ, ಇನ್ನೊಬ್ಬಳಿಗೆ ಕಚ್ಚುವ ಮಗು ಬಂದಿರುತ್ತದೆ, ಮತ್ತೊಬ್ಬಳಿಗೆ ಮಕ್ಕಳ ಕಷ್ಟವೇ ಇಲ್ಲ, ಕಷ್ಟವೆಲ್ಲ ಲೆಕ್ಕಪತ್ರ ಮತ್ತು ತೆರಿಗೆಯದು. ಹಾಗೆ ಕಲಿಕೆಯನ್ನು ಮಗುವೇ ಆರಿಸಿಕೊಡುವ ತನಕ ಕಾಯುವುದರಲ್ಲಿ ಹಣವೂ ಉಳಿಯುತ್ತದೆ.

ಹಣವೆಂದ ಮೇಲೆ ಕಾಲದ ಮಾತನ್ನೂ ಆಡಬೇಕು. ಕಚೇರಿಯ ನೌಕರನಿಗೆ ತರಬೇತಿಯ ದಿನ ಸಂಬಳದ ದಿನ. ಪಾಲಕಿಗೆ ಅದು ಬಾಗಿಲು ಮುಚ್ಚಿದ ದಿನ, ಮೂರು ಮನೆಗಳವರು ರಜೆ ಹಾಕಬೇಕಾದ ದಿನ. ವಾರದ ನಡುವೆ ಹಗಲಿನಲ್ಲಿ ನಡೆಯುವ ಕೋರ್ಸು ಎಷ್ಟು ಶ್ರೇಷ್ಠವಾದರೂ ಅವಳ ಪಾಲಿಗೆ ಇಲ್ಲದಂತೆಯೇ. ಹತ್ತು ಹನ್ನೆರಡು ವರ್ಷಗಳಲ್ಲಿ ಇಂಗ್ಲೆಂಡಿನ ನೋಂದಾಯಿತ ಪಾಲಕಿಯರ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಗಿ ಇಂದು ಮೂವತ್ತು ಸಾವಿರದ ಕೆಳಕ್ಕೆ ಇಳಿದಿರುವುದಕ್ಕೆ ಇಂಥ ಏಕಾಂಗಿತನವೂ ಒಂದು ಕಾರಣವೆಂದು ನಾನು ಬಗೆಯುತ್ತೇನೆ. 2023ರಲ್ಲಿ ಸರಕಾರ ಹೊಸಬರಿಗೆ 600 ಪೌಂಡುಗಳ ಆರಂಭಧನವನ್ನು, ಮಧ್ಯವರ್ತಿ ಏಜೆನ್ಸಿಗಳ ಮೂಲಕ ಸೇರುವವರಿಗೆ ಅದರ ಇಮ್ಮಡಿಯನ್ನು ಘೋಷಿಸಿತು. ಪ್ರಥಮ ಚಿಕಿತ್ಸೆ, ವಿಮೆ, ಮೆಟ್ಟಿಲಿಗೆ ಅಡ್ಡಗಟ್ಟುವ ಪುಟ್ಟ ಗೇಟು ಇಷ್ಟಕ್ಕೆ ಅದು ಒದಗಿಬರುವಂತಿತ್ತು.

ನಮ್ಮವರಿಗೆ ಈ ವಿಷಯ ದೂರದ್ದಲ್ಲ. ಗಂಡನ ಅಥವಾ ಹೆಂಡತಿಯ ನೌಕರಿಯ ಜತೆಗೆ ಅಲ್ಲಿಗೆ ಹೋಗಿ, ಇಲ್ಲಿಯ ಪದವಿಗೆ ಅಲ್ಲಿ ಬೆಲೆ ಸಿಗದೆ ಕುಳಿತಿರುವ ಕನ್ನಡಿಗರು ಹಲವರು ಈ ಕಸುಬಿನ ಕಡೆಗೆ ಕಣ್ಣುಹಾಯಿಸುತ್ತಾರೆ. ಅವರಿಗೆ ಒಂದು ಕಾಗದ ಹೆಚ್ಚಾಗಿ ಬೇಕು: ಕಳೆದ ಐದು ವರ್ಷಗಳಲ್ಲಿ ಭಾರತದಲ್ಲಿ ವಾಸವಾಗಿದ್ದರೆ ಇಲ್ಲಿಯ ಪೋಲೀಸರ ನಡತೆಪತ್ರ. ಅವರಲ್ಲಿ ಒಂದು ಬಂಡವಾಳವೂ ಹೆಚ್ಚಾಗಿಯೇ ಇದೆ. ಮನೆಮಾತು ಇಂಗ್ಲಿಷಲ್ಲದ ಮಗುವಿಗೆ ಆ ಮಾತನ್ನು ಆಡಿ ಬೆಳೆಸುವ ಅವಕಾಶ ಕಲ್ಪಿಸಬೇಕೆಂದು ಆ ಚೌಕಟ್ಟೇ ಹೇಳುತ್ತದೆ. ರೆಡಿಂಗಿನ ಆ ಮನೆಯಲ್ಲಿ ಮಂಡ್ಯ ಮೂಲದ ದಂಪತಿಗಳ ಎರಡು ವರ್ಷದ ಹುಡುಗ ‘ಅಮ್ಮಾ ಬಂದ್ಳು’ ಎಂದು ಕಿಟಕಿಗೆ ಅಂಟಿಕೊಂಡಾಗ, ಅವನ ಪಕ್ಕದ ಪೋಲಿಷ್ ಹುಡುಗಿಯೂ ‘ಬಂದ್ಳು, ಬಂದ್ಳು’ ಎನ್ನುತ್ತಿದ್ದಳು. ಯಾವ ಕೋರ್ಸಿನಲ್ಲಿಯೂ ಇದರ ಅಧ್ಯಾಯವಿರಲಿಲ್ಲ.

ನಮ್ಮ ರಾಜ್ಯದಲ್ಲಿಯೂ ಈ ಪ್ರಶ್ನೆ ಬೇರೊಂದು ವೇಷದಲ್ಲಿ ಬಂದು ನಿಂತಿದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೊದಲ ಪ್ರಯೋಗಕ್ಷೇತ್ರಗಳಲ್ಲಿ ಟಿ. ನರಸೀಪುರವೂ ಒಂದಾಗಿತ್ತು, 2023ರಲ್ಲಿ ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲು ಸರಕಾರ ಹೊರಟಿತು, ಉದ್ಯೋಗಚೀಟಿಯುಳ್ಳ ಹೆಂಗಸರನ್ನೇ ಅಲ್ಲಿ ಆರೈಕೆಗೆ ನಿಲ್ಲಿಸುತ್ತಿದೆ. ಅವರಿಗೆ ಆರಿಸಿಕೊಳ್ಳಲು ಇಪ್ಪತ್ತು ಕೋರ್ಸುಗಳಿಲ್ಲ, ಕೊಟ್ಟದ್ದನ್ನು ಕಲಿಯಬೇಕು. ಕೊಡುವವರು ಆ ಕೆಲವು ದಿನಗಳಲ್ಲಿ ಯೋಜನೆಯ ಉದ್ದೇಶಗಳನ್ನು ಓದಿ ಹೇಳುವ ಬದಲು ಒಂದು ರಬ್ಬರಿನ ಕೂಸನ್ನು ಅವರ ಮುಂದೋಳಿನ ಮೇಲೆ ಮಲಗಿಸಿದರೆ ನನಗೆ ಹೆಚ್ಚು ಸಮಾಧಾನ.

ಕಳೆದ ಡಿಸೆಂಬರಿನಲ್ಲಿ ಆ ಹುಡುಗಿ ಹಾಸನಕ್ಕೆ ಬಂದಿದ್ದಳು. ಮನೆಯಲ್ಲಿ ನನ್ನ ಮಗನ ಐದು ತಿಂಗಳ ಕೂಸು. ನನ್ನ ತಾಯಿ ಸಾಣೆಕಲ್ಲಿನ ಮೇಲೆ ಬಜೆ ತೇದು, ಬೆಳ್ಳಿಯ ಬಟ್ಟಲಲ್ಲಿ ಜೇನು ಬೆರೆಸಿ, ನಾಲಗೆಗೆ ಸವರಲು ಬೆರಳು ಅದ್ದುತ್ತಿದ್ದಂತೆಯೇ, ಅವಳು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ವರ್ಷ ತುಂಬುವ ಮೊದಲು ಕೂಸಿಗೆ ಜೇನು ಕೊಡಬಾರದೆಂದೂ ಅದರಲ್ಲಿರಬಹುದಾದ ಒಂದು ಬೀಜಾಣು ಎಳೆಗರುಳಿನಲ್ಲಿ ವಿಷ ಮಾಡುವುದೆಂದೂ ವಿವರಿಸಿದಳು. ಮುದುಕಿ ಬೆರಳನ್ನು ಸೆರಗಿಗೆ ಒರಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದಕ್ಕೆ ಎಷ್ಟು ದುಡ್ಡು ಕೊಟ್ಟೆ?’ ಎಂದು ಕೇಳಿದಳು. ಇದು ಪುಕ್ಕಟೆ ಸಿಕ್ಕಿದ್ದು ಎಂದಳು ಅವಳು.